ಮೇ ತಿಂಗಳ ಸೆಖೆ, ಐದು ವರ್ಷದ ಮಗಳು, ಕರಿ ಈಶಾಡದ ಪೈ

ಕಾರವಾರದಲ್ಲಿ ಪೈ ಎಂದರೆ ಮೊದಲು ನೆನಪಾಗುವುದು ಅಡ್ಡಹೆಸರು. ಕಳೆದ ವರ್ಷ ನಾನು ‘ರವಿವಾರ ಪೈ ಮಾಡುತ್ತೇನೆ’ ಎಂದಾಗ ಅತ್ತೆ, ‘ಯಾವ ಪೈಗಳು? ಊಟಕ್ಕೆ ಬರುತ್ತಾರೆಯೇ?’ ಎಂದು ಕೇಳಿದ್ದರು. ಅದು ಹಿಟ್ಟಿನ ಹೊದಿಕೆಯೊಳಗೆ ಹಣ್ಣು ತುಂಬಿ ಬೇಯಿಸುವ ತಿಂಡಿ ಎಂದು ತಿಳಿದ ಮೇಲೆ ಅವರ ಮುಖ ಇನ್ನಷ್ಟು ಗಂಟಾಯಿತು. ಈಶಾಡ ಮಾವಿನ ಹಣ್ಣನ್ನು ಒಲೆಗೆ ಹಾಕುವವರು ಅವರ ಲೆಕ್ಕದಲ್ಲಿ ಮನುಷ್ಯರೇ ಅಲ್ಲ. ಹುಬ್ಬಳ್ಳಿಯಲ್ಲಿ ಕೇಕ್ ತರಗತಿ ನಡೆಸುವ ಗೆಳತಿಯಂತೂ ತೀರ್ಪನ್ನೇ ಕೊಟ್ಟಳು: ಕರಾವಳಿ, ಮೇ ತಿಂಗಳು, ಜೊತೆಗೆ ಚಿಕ್ಕ ಮಗು, ಇವುಗಳಲ್ಲಿ ಎರಡನ್ನಾದರೂ ಬಿಡದೆ ಪೈ ಏಳುವುದಿಲ್ಲ. ಮೂರನ್ನೂ ಇಟ್ಟುಕೊಂಡೇ ಈ ಮೇ ತಿಂಗಳಲ್ಲಿ ಏಳು ಪೈ ಮಾಡಿದೆ. ಆರು ಸರಿಯಾದವು.

ಅದಕ್ಕೆ ಮೊದಲು ಹಾಳಾದದ್ದು ನಾಲ್ಕು. ಮೊದಲನೆಯದರಲ್ಲಿ ಮಗಳೇ ಬೆರಳಿನಿಂದ ಬೆಣ್ಣೆಯನ್ನು ಮೈದಾಕ್ಕೆ ಉಜ್ಜಿದಳು. ಅಡುಗೆಮನೆಯಲ್ಲಿ ಮೂವತ್ತಮೂರು ಡಿಗ್ರಿ ಇತ್ತು. ಬೆಣ್ಣೆಗೆ ಅಷ್ಟು ಸಾಕು, ಮಗುವಿನ ಬಿಸಿ ಅಂಗೈ ಬೇರೆ. ಪದರು ಏಳಬೇಕಾದ ಹಿಟ್ಟು ಚಪಾತಿ ಕಣಕವಾಯಿತು, ಬೆಂದ ಮೇಲೆ ಹೆಂಚಾಯಿತು. ಎರಡನೆಯ ಸಲ ಬೆಣ್ಣೆಯ ಬದಲು ಗಟ್ಟಿ ತುಪ್ಪ ಹಾಕಿದೆ. ರುಚಿಗೆ ಕುಂದಿಲ್ಲ, ಆದರೆ ಅದು ನಾನ್‌ಖಟಾಯಿಯ ಜಾತಿ. ಮೇಲಿನ ಜಾಲರಿ ಮುಟ್ಟಿದರೆ ಪುಡಿ. ಮೂರನೆಯದರಲ್ಲಿ ಹೊದಿಕೆ ಒಪ್ಪವಾಗಿತ್ತು, ಹಣ್ಣು ಕೈಕೊಟ್ಟಿತು. ಕರಿ ಈಶಾಡದ ಸಿಪ್ಪೆ ಎಷ್ಟು ತೆಳುವೋ ತಿರುಳು ಅಷ್ಟೇ ಮೃದು. ಹಸಿ ಹೋಳಿಗೆ ಸಕ್ಕರೆ ಬೆರೆಸಿ ಒಳಗಿಟ್ಟಿದ್ದೆ. ಚಾಕು ಹಾಕಿದ ಕೂಡಲೇ ತಟ್ಟೆ ತುಂಬ ಶೀಕರಣೆ. ನಾಲ್ಕನೆಯದಕ್ಕೆ ಗುಡುಗು ಬಂತು. ಓವನ್ ಬಿಸಿಯೇರುವಷ್ಟರಲ್ಲಿ ಕರೆಂಟು ಹೋಗಿ, ಬೆಣ್ಣೆಯೆಲ್ಲ ಸೋರಿ ತಗಡಿನ ಅಡಿಗೆ ಇಳಿದಿತ್ತು. ನಾಲ್ಕಕ್ಕೂ ಸೇರಿ ಸಾವಿರದ ಐನೂರು, ಆರುನೂರು ರೂಪಾಯಿ ಹೋಗಿರಬೇಕು. ಯಜಮಾನರು ಬೆಣ್ಣೆಯ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ನಾನು ಅದನ್ನು ತೆಗೆಯಲಿಲ್ಲ.

ದಾರಿ ತೋರಿಸಿದ್ದು ಮಗಳೇ. ಈ ವರ್ಷ ಮೊದಲ ಸಲ ಲಟ್ಟಿಸುತ್ತಿದ್ದಾಗ, ಸ್ಟೂಲಿನ ಮೇಲೆ ನಿಂತು ಮೂಗನ್ನು ಹಿಟ್ಟಿಗೆ ತಾಗಿಸುವಷ್ಟು ಬಾಗಿದ್ದಳು. ‘ಆಯಿ, ಹಿಟ್ಟು ಬೆವರುತ್ತಿದೆ’ ಎಂದು ತನ್ನ ಕರವಸ್ತ್ರದಿಂದ ಒರೆಸಿಯೂಬಿಟ್ಟಳು. ಬಗ್ಗಿ ನೋಡಿದೆ. ಬೆಣ್ಣೆಯ ಚೂರುಗಳಿದ್ದಲ್ಲೆಲ್ಲ ಸಾಸಿವೆ ಕಾಳಿನಷ್ಟು ಹೊಳೆಯುವ ಚುಕ್ಕೆ. ನನ್ನ ಎತ್ತರದಿಂದ ಅದು ಕಾಣುತ್ತಲೇ ಇರಲಿಲ್ಲ. ಅಂದಿನಿಂದ ಅವಳಿಗೆ ಕಾವಲಿನ ಕೆಲಸ. ‘ಬೆವರಿತು’ ಎಂದು ಕೂಗಿದರೆ ಲಟ್ಟಣಿಗೆ ಕೆಳಗಿಟ್ಟು ಹಿಟ್ಟನ್ನು ಹತ್ತು ನಿಮಿಷ ಫ್ರಿಜ್ಜಿಗೆ ಸೇರಿಸುತ್ತೇನೆ, ಒಂದು ಪೈಗೆ ಮೂರು ಸಲವಾದರೂ ಸರಿಯೇ.

ಈಗ ಬೆಳಿಗ್ಗೆ ಐದೂವರೆಗೆ ಶುರು. ಆಗ ಅಡುಗೆಮನೆ ತಂಪು, ಗುಡುಗು ಸಂಜೆಯ ಬಾಬತ್ತು, ರಜೆಯಲ್ಲಿ ಮಗಳು ತಾನಾಗಿಯೇ ಏಳುವ ಹೊತ್ತೂ ಅದೇ. ಹಿಂದಿನ ರಾತ್ರಿಯೇ ಹಿಟ್ಟು ಕಲಸಿ ಮುಗಿಸಿರುತ್ತೇನೆ: ಮೈದಾ ಸುಮಾರು ಇನ್ನೂರೈವತ್ತು ಗ್ರಾಂ, ಬೆಣ್ಣೆ ನೂರೈವತ್ತು, ಮಂಜುಗಡ್ಡೆಯ ನೀರು ನಾಲ್ಕೈದು ಚಮಚ. ಬೆಣ್ಣೆಯನ್ನು ಕಲ್ಲಿನಂತೆ ಗಟ್ಟಿಯಾಗಿಸಿ ತುರಿದು ಹಾಕುತ್ತೇನೆ, ಮಗಳು ಮುಳ್ಳುಚಮಚದಿಂದ ಕೆದಕುತ್ತಾಳೆ, ಬೆರಳಿಗೆ ಅಪ್ಪಣೆಯಿಲ್ಲ. ಮನೆಯಲ್ಲಿ ಕಡೆದ ಬೆಣ್ಣೆ ಇದಕ್ಕೆ ಬೇಡ, ನೀರಿನ ಅಂಶ ಹೆಚ್ಚು. ಲಟ್ಟಿಸುವ ಕಲ್ಲಿನ ಮೇಲೆ ಮೊದಲು ಐಸು ತುಂಬಿದ ಪರಾತ ಇಟ್ಟು ತಣಿಸಿ, ಒರೆಸಿ, ಆಮೇಲೆ ಹಿಟ್ಟು.

ಹಣ್ಣು ಅಂಕೋಲೆಯದೇ ಆಗಬೇಕು. ಹೆದ್ದಾರಿಯ ಬದಿಯಲ್ಲಿ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಸಮುದಾಯದ ಹೆಂಗಸರ ಹತ್ತಿರ ಆರಿಸಿಕೊಳ್ಳುತ್ತೇನೆ. 2023ರಲ್ಲಿ ಕರಿ ಈಶಾಡಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಮೇಲೆ ಚೌಕಾಸಿಗೆ ಬಾಯಿ ಬರುವುದಿಲ್ಲ. ಈ ಸಲ ಡಜನ್ನಿಗೆ ಮುನ್ನೂರೈವತ್ತರ ಆಸುಪಾಸು ಕೊಟ್ಟ ನೆನಪು. ಪೈಗೆ ಐದು ಹಣ್ಣು ಸಾಕು. ಮೂರರ ತಿರುಳನ್ನು ಅರ್ಧಕ್ಕಿಳಿಯುವವರೆಗೆ ಬಾಣಲೆಯಲ್ಲಿ ಮಗುಚಬೇಕು. ತಳದಲ್ಲಿ ಸೌಟು ಎಳೆದ ಗೆರೆ ಒಂದು ಕ್ಷಣ ಮುಚ್ಚಿಕೊಳ್ಳದೆ ನಿಂತರೆ ಆಯಿತು. ಒಂದು ಚಮಚ ಕಾರ್ನ್‌ಫ್ಲೋರ್, ಲಿಂಬೆರಸ, ಉಪ್ಪು, ಜೊತೆಗೆ ಇನ್ನೊಂದು ವಸ್ತು. ಅದನ್ನು ಹೇಳುವುದಿಲ್ಲ, ಆರ್ಡರ್ ಬರುವುದು ಅದರಿಂದಲೇ. ಪೂರ್ತಿ ಆರಿದ ಮೇಲೆ ಉಳಿದ ಎರಡು ಹಣ್ಣಿನ ಹೋಳು ಬೆರೆಸುತ್ತೇನೆ. ಬಿಸಿ ಹೂರಣ ಹಾಕಿದರೆ ಎಲ್ಲ ಶ್ರಮವೂ ನೀರುಪಾಲು.

ಅಡಿ ಹಸಿಯಾಗದಿರಲು ಎರಡು ಉಪಾಯ. ತೆಳು ಅವಲಕ್ಕಿಯನ್ನು ಗರಿಯಾಗಿ ಹುರಿದು ಪುಡಿಮಾಡಿ ಹಣ್ಣಿನ ಕೆಳಗೆ ಒಂದು ಪದರ ಉದುರಿಸುವುದು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟರೆ ಮಗಳು ಅದರ ಮೇಲೆ ಕುಳಿತೇ ಪುಡಿಮಾಡುತ್ತಾಳೆ. ಇನ್ನೊಂದು, ಓವನ್ನಿನ ಕೆಳತಟ್ಟಿನಲ್ಲಿ ಚಿಕ್ಕ ಕಬ್ಬಿಣದ ಕಾವಲಿಯನ್ನು ಕಾಯಿಸಿಟ್ಟು ತಗಡನ್ನು ಅದರ ಮೇಲೆಯೇ ಕೂರಿಸುವುದು. ಇನ್ನೂರಹತ್ತರಲ್ಲಿ ಇಪ್ಪತ್ತು ನಿಮಿಷ, ನೂರೆಂಬತ್ತರಲ್ಲಿ ಅರ್ಧ ಗಂಟೆ. ನಿಮ್ಮ ಓವನ್ನಿನ ಸ್ವಭಾವ ನಿಮಗೇ ಗೊತ್ತು.

ಜಾಲರಿ ಪೂರ್ತಿ ಮಗಳದ್ದು. ಕರಜಿಕಾಯಿಯ ಅಂಚು ಕತ್ತರಿಸುವ ಹಲ್ಲಿನ ಚಕ್ರದಿಂದ ಪಟ್ಟಿ ಕೊಯ್ಯುತ್ತಾಳೆ, ಎರಡು ಒಂದೇ ಅಗಲ ಇದ್ದದ್ದು ನಾನು ಕಂಡಿಲ್ಲ. ಚಾಪೆಯಂತೆ ಹೆಣೆಯಲು ಹೇಳಿಕೊಟ್ಟೆ. ಒಂದರ ಮೇಲೆ ಒಂದು ಪೇರಿಸಿದಳು. ಹಬೆ ಹೋಗಲು ಸಂದು ಇದ್ದರೆ ಸಾಕೆಂದು ಸುಮ್ಮನಾದೆ. ನಿಜವಾದ ಕಷ್ಟ ಬೆಂದ ನಂತರದ್ದು. ಮೂರು ಗಂಟೆ ಆರಿಸದೆ ಕೊಯ್ದರೆ ಮತ್ತೆ ಶೀಕರಣೆ, ಮಗುವಿಗೆ ಮೂರು ಗಂಟೆ ಎಂದರೆ ಮುಂದಿನ ವರ್ಷ. ಹಾಗಾಗಿ ಉಳಿದ ತುಣುಕುಗಳಿಗೆ ಸಕ್ಕರೆ ಉದುರಿಸಿ, ಪೈ ಹೊರಬಂದ ಕೂಡಲೇ ಅದೇ ಬಿಸಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ ಕೊಡುತ್ತೇನೆ. ಅದನ್ನು ತಿಂದು ಅವಳು ಆಟಕ್ಕೆ ಹೋಗುತ್ತಾಳೆ.

ಏಳರಲ್ಲಿ ಕೆಟ್ಟ ಒಂದು ಹಲಸಿನದು. ಗಟ್ಟಿ ತೊಳೆಯ ಬಕ್ಕೆ ಹಲಸೇ ತಂದಿದ್ದೆ, ಆದರೂ ತೊಳೆ ಬೆಂದು ಚರ್ಮದಂತಾಯಿತು, ಪರದೆಗಳಿಗೆ ಮೂರು ದಿನ ವಾಸನೆ. ಬನವಾಸಿ ಕಡೆಯ ಅನಾನಸ್ ಮಾತ್ರ ಚಿನ್ನ. ತುರಿದು ಹಿಂಡಿ, ಜೋನಿಬೆಲ್ಲ ಹಾಕಿ ಕಾಯಿಸಿದರೆ ಮಾವಿನ ಋತು ಮುಗಿದ ಮೇಲೂ ಪೈ ನಿಲ್ಲುವುದಿಲ್ಲ. ಮುರುಗಲ (ಕೋಕಂ) ಹಣ್ಣಿನ ರಸವನ್ನು ಒಮ್ಮೆ ಚಿಕ್ಕ ಬಟ್ಟಲಿನಲ್ಲಿ ಪ್ರಯತ್ನಿಸಿದೆ. ಬಣ್ಣಕ್ಕೆ ಮಗಳು ಕುಣಿದಳು, ಬಾಯಿಗಿಟ್ಟವಳು ಅಂಗಳಕ್ಕೆ ಓಡಿ ಉಗಿದು ಬಂದಳು.

ಒಂದು ಪೈಗೆ ಕರೆಂಟೂ ಸೇರಿ ಮುನ್ನೂರು ಮುನ್ನೂರಿಪ್ಪತ್ತು ಬೀಳುತ್ತದೆ. ಮೂರನ್ನು ಆರುನೂರರಂತೆ ಕೊಟ್ಟೆ. ಒಂದು ಹೋದದ್ದು ಹುಬ್ಬಳ್ಳಿಗೆ, ತೀರ್ಪು ಕೊಟ್ಟವಳ ಮನೆಗೆ. ಅಡಿ ಮೆತ್ತಗಾಗಿತ್ತೇ ಎಂದು ಫೋನಿನಲ್ಲಿ ಎರಡು ಸಲ ಕೇಳಿದೆ, ಅವಳು ಎರಡು ಸಲವೂ ‘ಒಳಗೆ ಏನು ಹಾಕಿದ್ದೀಯೆ?’ ಎಂದೇ ಕೇಳಿದಳು. ಅತ್ತೆ ಈಗಲೂ ಹಣ್ಣು ಹಾಳಾಯಿತು ಎನ್ನುತ್ತಾರೆ, ಎರಡನೆಯ ತುಂಡಿಗೆ ತಟ್ಟೆ ಮುಂದಿಡುತ್ತಲೇ. ಕಾವಲಿನವಳಿಗೆ ಪೈಗೆ ಹತ್ತು ರೂಪಾಯಿ ಕೂಲಿ. ಮುಂದಿನ ಮೇ ತಿಂಗಳಿಗೆ ಇಪ್ಪತ್ತು ಬೇಕೆಂದು ಈಗಲೇ ತಿಳಿಸಿದ್ದಾಳೆ.