ಬೋರ್ಡ್ ಯಾವ ಕಡೆ, ಗಾಡಿ ಯಾವ ಕಡೆ: ನೋ ಪಾರ್ಕಿಂಗ್ ದಂಡ ರದ್ದು ಮಾಡಿಸಿದ ನನ್ನ ಅನುಭವ

ದಂಡ ರದ್ದಾಗಿದೆ. "ಹಾಕಿದ ಫೈನ್ ಯಾವತ್ತಾದರೂ ವಾಪಸ್ ಹೋಗುತ್ತಾ ಅಣ್ಣ, ಸುಮ್ನೆ ಕಟ್ಟಿಬಿಡು" ಎಂದು ನಕ್ಕವರೇ ಈಗ ಫೋನ್ ಹಿಡಿದು ತಮ್ಮ ಚಲನ್ ಮೆಸೇಜ್ ತೋರಿಸಲು ಬರುತ್ತಿದ್ದಾರೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ. ಚಲನ್ ಎಲ್ಲಿ ನೋಡಬೇಕು, ಹೇಗೆ ಕಟ್ಟಬೇಕು ಎಂಬುದು ದಿನಾ ಸಪ್ಲೈ ಗಾಡಿ ಓಡಿಸುವವರಿಗೆ ಗೊತ್ತೇ ಇದೆ, ಅದನ್ನು ಬಿಡೋಣ.

ನನ್ನದು ತುಮಕೂರಿನಲ್ಲಿ ಬನ್ನು, ಬ್ರೆಡ್ಡು, ರಸ್ಕ್ ಸಪ್ಲೈ. ಒಂದು ಲಗೇಜ್ ಆಟೋ. ಬೆಳಿಗ್ಗೆ ಐದಕ್ಕೆ ಕ್ಯಾತ್ಸಂದ್ರದ ಕಡೆಯಿಂದ ಶುರು ಮಾಡಿದರೆ ಹತ್ತೂವರೆಗೆಲ್ಲ ಮಂಡಿಪೇಟೆ ಸುತ್ತಮುತ್ತ ಮುಗಿಯಬೇಕು. 2025ರ ಜುಲೈನಲ್ಲಿ ಒಂದು ಅಡ್ಡರಸ್ತೆಯಲ್ಲಿ ನಾಲ್ಕು ಟ್ರೇ ಇಳಿಸಲು ನಿಲ್ಲಿಸಿದೆ. ಐದು ನಿಮಿಷವೂ ಆಗಿರಲಿಲ್ಲ. ಸಂಜೆ ಮೆಸೇಜ್ ಬಂತು, ನೋ ಪಾರ್ಕಿಂಗ್, ಸಾವಿರ ರೂಪಾಯಿ. ಚಲನ್ ಜೊತೆಗಿದ್ದ ಫೋಟೋ ತೆರೆದು ನೋಡಿದರೆ ನಂಬರ್ ಪ್ಲೇಟ್ ಇದೆ, ಅಂಗಡಿಯ ಶಟರ್ ಇದೆ, ಟ್ರೇ ಹಿಡಿದ ನನ್ನ ಕೈಯೂ ಇದೆ. ಬೋರ್ಡ್ ಮಾತ್ರ ಇಲ್ಲ.

ಮರುದಿನ ಹೋಗಿ ಹುಡುಕಿದೆ. ಬೋರ್ಡ್ ಇತ್ತು, ರಸ್ತೆಯ ಆಚೆ ಬದಿಯಲ್ಲಿ. ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬೈಂಡಿಂಗ್ ವೈರಿನಲ್ಲಿ ಬಿಗಿದಿದ್ದರು. ಬಲಕ್ಕೆ ಬಗ್ಗಿ ನೋಡಿದರೆ "ನೋ ಪಾ" ಅಂತ ಎರಡಕ್ಷರ ಕಾಣುತ್ತಿತ್ತು, ಅಷ್ಟೇ.

ಮೊದಲ ತಪ್ಪು, ನೇರ ಠಾಣೆಗೆ ಹೋಗಿ ಮಾತಾಡಿದ್ದು. ಅರ್ಧ ದಿನ ಹೋಯಿತು, ಅಂದರೆ ಎಂಟುನೂರು ರೂಪಾಯಿ ವ್ಯಾಪಾರ. "ಆಕ್ಷೇಪಣೆ ಆನ್‌ಲೈನ್‌ನಲ್ಲಿ ಹಾಕಿ" ಅಂದರು. ಹಾಕಿದೆ. ಮಾಲು ಇಳಿಸುತ್ತಿದ್ದೆ, ಐದೇ ನಿಮಿಷ, ಬಡವರ ಹೊಟ್ಟೆಪಾಡು ಅಂತೆಲ್ಲ ಉದ್ದಕ್ಕೆ ಬರೆದಿದ್ದೆ. ಎರಡು ವಾರಕ್ಕೆ ಒಂದೇ ಸಾಲಿನಲ್ಲಿ ತಿರಸ್ಕಾರ. ಈಗ ನೋಡಿದರೆ ಅದು ಸರಿಯೇ, ನಾನು ಬರೆದದ್ದರಲ್ಲಿ ಅಳು ಇತ್ತೇ ಹೊರತು ಪಾಯಿಂಟ್ ಇರಲಿಲ್ಲ.

ಆಮೇಲೆ ಇನ್ನೊಂದು ಹುಚ್ಚು ಹಿಡಿಯಿತು. ಎದುರಿನ ಟೀ ಅಂಗಡಿಯಲ್ಲಿ ಕೂತು ಒಂದು ಗಂಟೆಯಲ್ಲಿ ಎಷ್ಟು ಗಾಡಿ ಅಲ್ಲಿ ನಿಲ್ಲುತ್ತವೆ ಅಂತ ಎಣಿಸಿದೆ. ನಲವತ್ತರ ಮೇಲೆ ಬಂದವು. ಎಲ್ಲದರ ಫೋಟೋ ತೆಗೆದೆ, ದಿನಾಂಕ, ಸಮಯ, ಜಾಗ ಮೂಡುವ ಕ್ಯಾಮೆರಾ ಆಪ್ ಹಾಕಿಕೊಂಡು. ಮೂರು ಟೀ, ಎರಡು ವಡೆ ಖರ್ಚು. ಪರಿಚಯದ ವಕೀಲರು ನೋಡಿ ನಕ್ಕರು. "ಬೇರೆಯವರಿಗೆ ಹಾಕಿಲ್ಲ ಅನ್ನೋದು ನಿನ್ನ ತಪ್ಪನ್ನ ಅಳಿಸಲ್ಲಪ್ಪ. ಅಲ್ಲಿ ನಿಲ್ಲಿಸಬಾರದು ಅಂತ ಆದೇಶ ಯಾವುದು, ಅದನ್ನ ಕೇಳು." ಇಡೀ ಕೆಲಸ ಇದೇ ಮಾತಿನ ಮೇಲೆ ನಿಂತಿದೆ.

ಅಷ್ಟರಲ್ಲಿ ಆಗಸ್ಟ್ 23ರಿಂದ ಬಾಕಿ ಇರುವ ಟ್ರಾಫಿಕ್ ದಂಡಕ್ಕೆ ಸರ್ಕಾರದ ಶೇ. 50 ರಿಯಾಯಿತಿ ಬಂತು, ಸೆಪ್ಟೆಂಬರ್ 12ರವರೆಗೆ. ಮನೆಯಲ್ಲಿ, ಅಂಗಡಿಗಳಲ್ಲಿ ಎಲ್ಲರದೂ ಒಂದೇ ಮಾತು, ಐನೂರು ಕಟ್ಟಿ ಕೈ ತೊಳೆದುಕೋ. ಮನಸ್ಸು ಹೊಯ್ದಾಡಿತು, ಸುಳ್ಳು ಹೇಳಲ್ಲ. ಆದರೆ ಮಾಡದ ತಪ್ಪಿಗೆ ಐನೂರಾದರೇನು, ಐವತ್ತಾದರೇನು ಅಂತ ಬಿಟ್ಟೆ.

ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಮೊದಲ ಅರ್ಜಿಯಲ್ಲಿ ಒಂಬತ್ತು ಪ್ರಶ್ನೆ, ಫ್ಲೆಕ್ಸ್ ವಿಷಯವೂ ಅದರಲ್ಲೇ. ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ ಇರಬೇಕು, 150 ಪದ ಮೀರಬಾರದು. ನೀವೂ ಇಲ್ಲೇ ಎಡವುತ್ತೀರಿ, ಎಣಿಸಿ ಬರೆಯಿರಿ. ಎರಡನೇ ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ಈ ರಸ್ತೆಯ ಈ ಬದಿಯನ್ನು ನಿಲುಗಡೆ ನಿಷೇಧಿತ ಜಾಗ ಎಂದು ಹೊರಡಿಸಿದ ಆದೇಶದ ದೃಢೀಕೃತ ಪ್ರತಿ. "ಈ ಬದಿ" ಅನ್ನುವ ಪದ ಮರೆಯಬೇಡಿ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೆ, ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಅದಕ್ಕೂ ರೆಡಿ ಉತ್ತರ ಇಟ್ಟುಕೊಳ್ಳುತ್ತಾರೆ.

ಮೂವತ್ತು ದಿನದ ಗಡುವು ಮುಗಿಯಲು ಒಂದೋ ಎರಡೋ ದಿನ ಇದ್ದಾಗ ಕಾಗದ ಬಂತು. ಎರಡು ಪುಟ ಇದೆ, ಪುಟಕ್ಕೆ ಎರಡರಂತೆ ನಾಲ್ಕು ರೂಪಾಯಿ ಕಟ್ಟಿ ಅಂತ. ಆ ನಾಲ್ಕು ರೂಪಾಯಿ ಕೇಳಲು ಅಂಚೆಗೆ ಅದಕ್ಕಿಂತ ಜಾಸ್ತಿ ಖರ್ಚಾಗಿತ್ತು. ಕಟ್ಟಿದೆ.

ಪ್ರತಿ ಕೈಗೆ ಬಂದ ದಿನ ಗಾಡಿಯಲ್ಲೇ ಕೂತು ಓದಿದೆ. ಮೋಟಾರು ವಾಹನ ಕಾಯ್ದೆ 1988ರ ಕಲಂಗಳು, 1989ರ ಕರ್ನಾಟಕ ನಿಯಮ 221(ಎ)(5), ಅದರ ಕೆಳಗೆ ರಸ್ತೆಗಳ ಪಟ್ಟಿ. ನಮ್ಮ ರಸ್ತೆಯ ಮುಂದೆ ಸ್ಪಷ್ಟವಾಗಿ "ಪೂರ್ವ ಬದಿ" ಎಂದಿದೆ. ನನ್ನ ಗಾಡಿ ಇದ್ದದ್ದು ಪಶ್ಚಿಮಕ್ಕೆ. ಚಲನ್ ಫೋಟೋದಲ್ಲಿನ ಶಟರ್ ಮೇಲಿರುವ ಅಂಗಡಿ ಹೆಸರೇ ಸಾಕ್ಷಿ. ಅವರ ಫೋಟೋ ನನ್ನ ಪರ ನಿಂತಿತು!

ಆಮೇಲೆ ಮೇಲಧಿಕಾರಿಗೆ ಅರ್ಧ ಪುಟದ ಮನವಿ. ಆದೇಶದ ಪ್ರತಿ, ಚಲನ್ ಫೋಟೋ, ಅದೇ ಜಾಗದಲ್ಲಿ ನಾನು ತೆಗೆದ ಫೋಟೋ ಜೊತೆಗಿಟ್ಟೆ. ರದ್ದಾಗದಿದ್ದರೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳದೆ ವಾದ ಮಾಡುತ್ತೇನೆ ಎಂದು ಮರ್ಯಾದೆಯಿಂದಲೇ ಬರೆದೆ. ಫ್ಲೆಕ್ಸ್ ಸುದ್ದಿ ಎತ್ತಲಿಲ್ಲ, ಅದು ವಾದವನ್ನು ದಾರಿ ತಪ್ಪಿಸುತ್ತದೆ. ಯಾವ ವಾರ, ಯಾವ ಹೊತ್ತಿಗೆ ಕೊಟ್ಟೆ ಅನ್ನುವುದರಲ್ಲೂ ಒಂದು ಲೆಕ್ಕ ಇದೆ, ಅದು ನನ್ನ ಹತ್ತಿರವೇ ಇರಲಿ. ರಿಜಿಸ್ಟರ್ ಪೋಸ್ಟ್ ಕೇಳಿದರೆ ಈಗ ಸ್ಪೀಡ್ ಪೋಸ್ಟೇ ಅಂದರು, 2025ರಲ್ಲಿ ಎರಡೂ ಒಂದೇ ಆಗಿದೆಯಂತೆ. ಸ್ವೀಕೃತಿ ಮಾತ್ರ ಬಿಡಬೇಡಿ.

ಸಂಕ್ರಾಂತಿ ಹೊತ್ತಿಗೆ ಚಲನ್ ನೋಡುವ ಆಪ್ ತೆರೆದರೆ ಬಾಕಿ ಏನೂ ಇಲ್ಲ. ಫೋನಿಲ್ಲ, ಕಾಗದವಿಲ್ಲ, ತಪ್ಪಾಯಿತು ಅನ್ನುವ ಮಾತಂತೂ ಇಲ್ಲವೇ ಇಲ್ಲ. ಲೆಕ್ಕ ಹಾಕಿದರೆ ಅಂಚೆ, ಜೆರಾಕ್ಸ್, ಪೋಸ್ಟಲ್ ಆರ್ಡರ್ ಸೇರಿ ಇನ್ನೂರೈವತ್ತರ ಹತ್ತಿರ, ಹೋದ ಎರಡು ಅರ್ಧ ದಿನಕ್ಕೆ ಸಾವಿರದ ಆರುನೂರು. ಸಾವಿರ ಉಳಿಸಲು ಸಾವಿರದ ಎಂಟುನೂರು ಚಿಲ್ಲರೆ. ನನ್ನ ಹೆಂಡತಿ ಈ ಲೆಕ್ಕವನ್ನು ಬಂದವರಿಗೆಲ್ಲ ಹೇಳುತ್ತಾಳೆ.

ಮೊನ್ನೆ ಹಾಲಿನ ಗಾಡಿ ಹುಡುಗ ಅದೇ ರಸ್ತೆಯ ಚಲನ್ ತಂದಿದ್ದ. "ಅಣ್ಣ, ನಂದೂ ತೆಗೆಸಿಕೊಡಿ." ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂದೆ ಟೀ ಅಂಗಡಿ ಕಾಣುತ್ತಿತ್ತು. ಪೂರ್ವ ಬದಿ. ಕಟ್ಟಿಬಿಡು ಅಂದೆ.