ಕೊಡಗಿನ ಮಳೆಗಾಲದಲ್ಲೂ ಬಟ್ಟೆ ಡೈಪರ್ ಒಣಗುತ್ತದೆ: ನನ್ನ ಅನುಭವ

ಮಡಿಕೇರಿಯಿಂದ ನಾಪೋಕ್ಲು ಕಡೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ ನಮ್ಮ ತೋಟದ ಮನೆ. ಇಲ್ಲಿ ಎರಡು ಮಳೆಗಾಲ ಪೂರ್ತಿ ಮಗನಿಗೆ ಬಟ್ಟೆ ಡೈಪರನ್ನೇ ಹಾಕಿದ್ದೇವೆ. ಹೇಳಿದರೆ ಈಗಲೂ ಕೆಲವರು ನಂಬುವುದಿಲ್ಲ. ಕುಶಾಲನಗರದಲ್ಲಾದರೆ ಸರಿ, ಅಲ್ಲಿ ನಡುನಡುವೆ ಬಿಸಿಲು ಬರುತ್ತದೆ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಸ್ಕೂಲ್ ಯೂನಿಫಾರಂ ಒಣಗುವುದೇ ಕಷ್ಟ, ಇನ್ನು ಡೈಪರ್ ಎಲ್ಲಿಂದ ಅಂತ ಎಲ್ಲರೂ ಕೇಳಿದರು.

ಮಡಿಸುವುದು, ಕಟ್ಟುವುದು, ಎಷ್ಟು ಹೊತ್ತಿಗೆ ಬದಲಿಸುವುದು ಇದೆಲ್ಲ ಮಕ್ಕಳಿರುವವರಿಗೆ ಗೊತ್ತಿರುವುದೇ. ನಾನು ಬರೆಯುತ್ತಿರುವುದು ಒಣಗಿಸುವುದರ ಬಗ್ಗೆ. ಕೊಡಗಿನಲ್ಲಿ ಬಟ್ಟೆ ಡೈಪರ್ ಶುರು ಮಾಡಿ ಕೈಬಿಟ್ಟ ಹೆಚ್ಚಿನವರು ಸೋತದ್ದು ಅಲ್ಲೇ.

ದೊಡ್ಡವಳಿಗೆ ಅಂಗಡಿ ಡೈಪರ್ ಹಾಕುತ್ತಿದ್ದೆವು. ಒಂದಕ್ಕೆ 10-12 ರೂಪಾಯಿ, ದಿನಕ್ಕೆ ಆರೇಳು ಬೇಕು. ತಿಂಗಳಿಗೆ 2,000ದ ಹತ್ತಿರ ಆಗುತ್ತಿತ್ತು. ಎರಡೂವರೆ ವರ್ಷದಲ್ಲಿ ಐವತ್ತರಿಂದ ಅರವತ್ತು ಸಾವಿರ ಹೋಗಿರಬೇಕು. ಕಾಫಿಗೆ ರೇಟ್ ಇಲ್ಲದ ಕಾಲ ಅದು. ಆ ದುಡ್ಡಿಗೆ ತೋಟಕ್ಕೆ ಒಂದು ಸುತ್ತು ಗೊಬ್ಬರ ಹಾಕಬಹುದಿತ್ತು.

ದುಡ್ಡಿಗಿಂತ ಜಾಸ್ತಿ ಕಾಡಿದ್ದು ಕಸ. ತೋಟದ ಮನೆಗೆ ಕಸದ ಗಾಡಿ ಬರುವುದಿಲ್ಲ. ಒದ್ದೆ ಡೈಪರ್ ಬೆಂಕಿಗೆ ಹಾಕಿದರೆ ಉರಿಯುವುದಿಲ್ಲ, ಕರಗಿ ಕೆಟ್ಟ ಹೊಗೆ ಬರುತ್ತದೆ. ಗುಂಡಿ ತೋಡಿ ಹಾಕಿದರೆ ಮಳೆಗೆ ಗುಂಡಿ ತುಂಬಿ, ಒಳಗಿದ್ದದ್ದು ಊದಿಕೊಂಡು ಮೇಲೆ ತೇಲುತ್ತದೆ. ನಾಯಿಗಳು ಎಳೆದು ತಂದು ಕಾಫಿ ಗಿಡಗಳ ನಡುವೆ ಹರಡುತ್ತವೆ. ನಮ್ಮ ತೋಟದ ಕೆಳಗೆ ಒಂದು ತೋಡು ಹರಿಯುತ್ತದೆ. ಅದರ ನೀರು ಹೋಗಿ ಸೇರುವುದು ಕಾವೇರಿಗೆ. ಅಲ್ಲಿ ಡೈಪರ್ ಸಿಕ್ಕಿಕೊಂಡಿದ್ದು ನೋಡಿದ ದಿನವೇ, ಎರಡನೇ ಮಗುವಿಗೆ ಇದು ಬೇಡ ಅಂತ ನಾನೂ ಹೆಂಡತಿಯೂ ಮಾತಾಡಿಕೊಂಡೆವು.

ಮಗ ಹುಟ್ಟಿದ್ದು ಫೆಬ್ರವರಿಯಲ್ಲಿ. ಒಳ್ಳೆ ಪಾಕೆಟ್ ಡೈಪರ್ ಸೆಟ್ ತರಿಸಿದೆವು: ಹೊರಗೆ ನೀರು ಹೋಗದ ಕವರ್, ಅದರ ಜೇಬಿನೊಳಗೆ ತೂರಿಸುವ, ಉಚ್ಚೆ ಹೀರುವ ದಪ್ಪ ದಪ್ಪ ಮೈಕ್ರೋಫೈಬರ್ ಪಟ್ಟಿ, ಅದಕ್ಕೇ ಇನ್ಸರ್ಟ್ ಅನ್ನುವುದು. 5,000 ಚಿಲ್ಲರೆ ಆಯಿತು. ಮಾರ್ಚ್, ಏಪ್ರಿಲ್, ಮೇ ಎಲ್ಲ ಚೆನ್ನಾಗಿತ್ತು. ಕಾಫಿ ಕಣದಲ್ಲಿ ಹರಡಿದರೆ ಮಧ್ಯಾಹ್ನದೊಳಗೆ ಗರಿಗರಿ. ಅಮ್ಮ ಮಾತ್ರ "ಮಳೆ ಬರಲಿ ಮಗಾ, ಆಮೇಲೆ ನೋಡುವ" ಅಂತ ಹೇಳುತ್ತಲೇ ಇದ್ದರು.

ಜೂನ್ ಬಂತು. ಇನ್ಸರ್ಟ್ ಮೂರು ದಿನ ಜಗಲಿಯಲ್ಲಿ ನೇತಾಡಿದರೂ ಒಳಗೆ ತಣ್ಣಗೇ ಇರುತ್ತಿತ್ತು. ಮೇಲೆ ಮುಟ್ಟಿದರೆ ಒಣಗಿದ ಹಾಗೆ, ಹಿಂಡಿದರೆ ತೇವ. ಮುಗ್ಗಲು ವಾಸನೆ. ಮಗನ ತೊಡೆಸಂದಿ ಕೆಂಪಾಯಿತು. ಡಾಕ್ಟರ್ ಒಂದೇ ಮಾತು ಹೇಳಿದರು: ಪೂರ್ತಿ ಒಣಗಿದ್ದು ಬಿಟ್ಟರೆ ಬೇರೆ ಹಾಕಬೇಡಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ.

ಒಣಗಿಸಲು ಏನೇನು ಮಾಡಿದೆವು ಅಂದರೆ, ಮೊದಲು ಟೇಬಲ್ ಫ್ಯಾನ್. ಕರೆಂಟ್ ಇದ್ದಾಗ ಪರವಾಗಿಲ್ಲ. ಆದರೆ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದು ನಮಗೆ ಮಾಮೂಲು. ಇನ್‌ವರ್ಟರ್‌ಗೆ ಹಾಕಿದರೆ ರಾತ್ರಿ ಮಗು ಎದ್ದಾಗ ಲೈಟ್ ಇಲ್ಲ. ರೂಮ್ ಹೀಟರ್ ತಂದೆ, ಸುಮಾರು 1,500. ಒಂದು ತಿಂಗಳ ಬಿಲ್ ನೋಡಿ ಅದನ್ನು ಎತ್ತಿಟ್ಟೆವು. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಹಾಕಿದರೆ ಮಸಿ ಹಿಡಿಯಿತು, ಕವರಿನ ಎಲಾಸ್ಟಿಕ್ ಬಿರುಸಾಗಿ ಸಡಿಲವಾಯಿತು. ಎರಡು ಕವರ್ ಹಾಳಾದವು, ಅಲ್ಲಿಗೆ 700 ಹೋಯಿತು. ಕೋಳಿಮರಿಗೆ ಬಲ್ಬ್ ಹಾಕುತ್ತೇವಲ್ಲ, ಹಾಗೆ ಪೆಟ್ಟಿಗೆ ಮಾಡಿ 100 ವಾಟ್ ಬಲ್ಬ್ ಹಾಕಿಯೂ ನೋಡಿದೆ. ಎರಡು ಇನ್ಸರ್ಟ್ ಒಣಗಲು ರಾತ್ರಿಯಿಡೀ ಬೇಕಾಯಿತು. ಹೆಂಡತಿಯ ಮನೆ ಮಂಡ್ಯ ಕಡೆ. "ಇವೆಲ್ಲ ಕಟ್ಟಿ ನಮ್ಮೂರಿಗೆ ಕಳಿಸಿ, ಅಲ್ಲಿ ಒಣಗಿಸಿ ಕಳಿಸುತ್ತಾರೆ" ಅಂತ ಅವಳು ಬೇಜಾರಿನಲ್ಲಿ ಹೇಳಿದ್ದೂ ಉಂಟು.

ದಾರಿ ಸಿಕ್ಕಿದ್ದು ಕಾಫಿಯಿಂದ. ಕಾಫಿ ಒಣಗಿಸುವವರಿಗೆ ಬೇರೆ ಹೇಳಬೇಕಾಗಿಲ್ಲ: ದಪ್ಪ ಹರಡಿದರೆ ಅಡಿಯದ್ದು ಮುಗ್ಗುತ್ತದೆ, ತೆಳ್ಳಗೆ ಹರಡಿ ಆಗಾಗ ಕೈಯಾಡಿಸಬೇಕು. ದಪ್ಪ ಇನ್ಸರ್ಟನ್ನು ಎಷ್ಟು ಕೈಯಾಡಿಸಿದರೂ ಒಳಗಿನ ಪದರಕ್ಕೆ ಗಾಳಿ ಹೋಗುವುದಿಲ್ಲ. ಆಗ ನೆನಪಾಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಮಗಳಿಗೆ ಆರೇಳು ತಿಂಗಳು. ಅಂಗಡಿಯಲ್ಲಿ ಅವಳ ಸೈಜಿನ ಪ್ಯಾಕ್ ಮುಗಿದುಹೋಗಿತ್ತು. ಅಮ್ಮ ಹಳೇ ಹತ್ತಿ ಸೀರೆ ಹರಿದು ಕಟ್ಟಿದ್ದರು. ಅದು ಹೇಗೋ ಒಣಗುತ್ತಿತ್ತು.

ಕಾಳುಮೆಣಸು ತೂಗುವ ಸಣ್ಣ ತಕ್ಕಡಿ ತೆಗೆದೆ. ಒಣಗಿದ್ದಾಗಿನ ತೂಕ ಬರೆದಿಟ್ಟುಕೊಂಡು, ಒಗೆದ ಮೇಲೆ ಬೆಳಿಗ್ಗೆ ಸಂಜೆ ತೂಗಿದೆ. ಕೈಯಲ್ಲಿ ಮುಟ್ಟಿ ಹೇಳುವುದಕ್ಕಿಂತ ಇದು ಎಷ್ಟೋ ಮೇಲು, ಮಾಡಿ ನೋಡಿ. ಇನ್ಸರ್ಟ್ ಎರಡು ದಿನ ಕಳೆದರೂ ಒಣ ತೂಕಕ್ಕೆ ಬರಲಿಲ್ಲ. ಸೀರೆಯ ತುಂಡು ಬಚ್ಚಲು ಒಲೆಯ ಹತ್ತಿರ ಒಂದೇ ರಾತ್ರಿಯಲ್ಲಿ ಬಂತು. ಎಷ್ಟು ಹೀರುತ್ತದೆ ಅಂತ ನೋಡಿ ಡೈಪರ್ ತೆಗೆದುಕೊಳ್ಳುವುದು ಬಯಲುಸೀಮೆಯವರಿಗೆ ಸರಿ. ನಾವು ನೋಡಬೇಕಾದ್ದು ಎಷ್ಟು ಬೇಗ ಒಣಗುತ್ತದೆ ಅಂತ.

ಇನ್ಸರ್ಟ್ ಎಲ್ಲ ತೆಗೆದಿಟ್ಟೆವು. ಅಮ್ಮನ, ಅಜ್ಜಿಯ ಹಳೇ ಸೀರೆಗಳ ಜೊತೆಗೆ ಮೀಟರಿಗೆ 80-90 ರೂಪಾಯಿಯ ಮಲ್ ಬಟ್ಟೆ (ತೆಳ್ಳನೆ ಹತ್ತಿ ಬಟ್ಟೆ) ತಂದು ಚೌಕ ತುಂಡು ಮಾಡಿಸಿದೆವು. ನಲವತ್ತಕ್ಕೆ ಸ್ವಲ್ಪ ಜಾಸ್ತಿ ಇದ್ದವು. ಕಟ್ಟುವಾಗ ಎಂಟು ಮಡಿಕೆ, ಒಣಗಿಸುವಾಗ ಒಂದೇ ಪದರ. ಮೇಲೆ ನೀರು ಹೋಗದ ಕವರ್. ಕವರನ್ನು ಒಲೆಯ ಹತ್ತಿರ ತರಬೇಡಿ. ಕೊಡವಿ ಜಗಲಿಯಲ್ಲಿ ಹಾಕಿದರೆ ಸಾಕು, ತೆಳ್ಳಗಿರುವುದರಿಂದ ತಾನೇ ಒಣಗುತ್ತದೆ.

ಬಚ್ಚಲು ಮನೆಯಲ್ಲೂ ಒಂದು ತೊಂದರೆ ಇತ್ತು. ಬೆಂಕಿ ಇದೆ, ಬಿಸಿ ಇದೆ, ಆದರೂ ಎಲ್ಲ ಬಟ್ಟೆ ಒಟ್ಟಿಗೆ ಹಾಕಿದರೆ ಬೆಳಿಗ್ಗೆ ಇನ್ನೂ ತೇವ. ಬಟ್ಟೆಯಿಂದ ಎದ್ದ ಹಬೆ ಹೊರಗೆ ಹೋಗಲು ಜಾಗವೇ ಇರಲಿಲ್ಲ. ಹಂಚಿನ ಅಡಿಗೆ ತಾಗಿ ಮತ್ತೆ ಕೆಳಗೇ ಇಳಿಯುತ್ತಿತ್ತು. ಮೇಲೆ ಎರಡು ಹಂಚು ತೆಗೆಸಿ, ಮಳೆ ಒಳಗೆ ಬಾರದ ಹಾಗೆ ತಗಡಿನ ಟೋಪಿ ಮಾಡಿಸಿದೆ. ಬಾಗಿಲ ಅಡಿಯಲ್ಲಿ ನಾಲ್ಕು ಬೆರಳು ಸಂದು ಬಿಡಿಸಿದೆ. ಗಾರೆಯವನಿಗೂ ತಗಡಿಗೂ ಸೇರಿ 900 ಆಯಿತು. ಇಡೀ ಕೆಲಸದಲ್ಲಿ ಅತಿ ಚೆನ್ನಾಗಿ ಖರ್ಚಾದ ದುಡ್ಡು ಅದು. ಆ ರಾತ್ರಿಯಿಂದಲೇ ಫರಕ್ ಗೊತ್ತಾಯಿತು.

ಹೊತ್ತು ಕೂಡ ಮುಖ್ಯ. ಎಲ್ಲರ ಸ್ನಾನ ಸಂಜೆ ಏಳರೊಳಗೆ ಮುಗಿಯಬೇಕು. ಆಮೇಲೆ ನೆಲದ ನೀರು ಎಳೆದು, ಒಲೆಯಲ್ಲಿ ಎರಡು ಕಾಫಿ ಬೊಡ್ಡೆ ಇಟ್ಟು, ಹಂಡೆ ತುಂಬಿಸಿ, ಒಲೆಯಿಂದ ಮೂರಡಿ ದೂರದ ಹಗ್ಗಕ್ಕೆ ಬಟ್ಟೆ ಹಾಕುವುದು. ಕಾಫಿ ಬೊಡ್ಡೆಯ ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಉರಿದು ಹೋಗುತ್ತದೆ. ಹಂಡೆ ನೀರಿನ ಬಿಸಿಯೂ ಬೆಳಗಿನ ತನಕ ಇರುತ್ತದೆ. ಒಂದು ಎಚ್ಚರಿಕೆ: ಮಕ್ಕಳು ಮಲಗುವ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಇದನ್ನು ಮಾಡಲೇಬೇಡಿ. ಕೆಂಡದ ಗಾಳಿ ಪ್ರಾಣ ತೆಗೆಯುತ್ತದೆ. ನಮ್ಮ ಬಚ್ಚಲು ಇರುವುದು ವಾಸದ ಮನೆಯಿಂದ ಬೇರೆಯಾಗಿ, ಹೊರಗೆ.

ಹಿಂಡುವ ರೀತಿಯಲ್ಲೂ ಒಂದು ಉಪಾಯ ಇದೆ. ಕರೆಂಟ್ ಇದ್ದರೆ ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ಡ್ರೈಯರ್ ಅರ್ಧ ಕೆಲಸ ಮುಗಿಸುತ್ತದೆ. ಇಲ್ಲದಿದ್ದರೆ ಒಣ ಟವೆಲ್ ಮೇಲೆ ಹಾಸಿ, ಸುತ್ತಿ, ತುಳಿಯಬೇಕು. ಇದನ್ನು ಮಗಳು ಖುಷಿಯಿಂದ ಮಾಡುತ್ತಿದ್ದಳು. ತಮ್ಮನ ಬಟ್ಟೆ ತುಳಿಯುವುದು ಅವಳದೇ ಕೆಲಸ, ಬೇರೆಯವರು ಕಾಲಿಡುವ ಹಾಗಿಲ್ಲ.

ಒಗೆಯುವುದಕ್ಕೆ ಅಂಟುವಾಳ ಕಾಯಿ ಕುದಿಸಿಯೂ ನೋಡಿದೆ. ಉಚ್ಚೆ ಬಟ್ಟೆಗೆ ಸಾಕು, ಕಕ್ಕ ಬಟ್ಟೆಗೆ ಸಾಲದು. ಮಾಡಿನ ಮಳೆನೀರು ಡ್ರಮ್ಮಿಗೆ ಹಿಡಿದು ಜಾಲಿಸಿದರೆ ಸೋಪು ಬೇಗ ಬಿಡುತ್ತದೆ, ಬಟ್ಟೆ ಮೆತ್ತಗಿರುತ್ತದೆ. ಕೊನೆಯ ನೀರಿಗೆ ನಾನು ಇನ್ನೊಂದು ವಸ್ತು ಹಾಕುತ್ತೇನೆ, ವಾಸನೆ ನಿಲ್ಲದಿರುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಕಲೆ ಮಾತ್ರ ಮಳೆಗಾಲದಲ್ಲಿ ಹೋಗುವುದಿಲ್ಲ. ಅದಕ್ಕೆ ಬಿಸಿಲೇ ಬೇಕು. ತುಲಾ ಸಂಕ್ರಮಣ ಕಳೆದ ಮೇಲೆ ಒಳ್ಳೆ ಬಿಸಿಲು ಬಿದ್ದಾಗ ಕಣದಲ್ಲಿ ಹಾಸಿದರೆ ತಾನಾಗಿ ಮಾಯವಾಗುತ್ತದೆ.

ಮಗಳಿಗೂ ಆಗ ರಾತ್ರಿ ಒಮ್ಮೊಮ್ಮೆ ಒದ್ದೆಯಾಗುತ್ತಿತ್ತು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲಲ್ಲಿ, ನಮ್ಮಲ್ಲಿ ಮದ್ದುಸೊಪ್ಪು ಎಂಬ ಎಲೆಯ ರಸದ ಪಾಯಸ ಮಾಡುತ್ತೇವೆ. ಆ ರಾತ್ರಿ ಮಗಳ ಬಟ್ಟೆ ನೋಡಿ ಹೆಂಡತಿ ಗಾಬರಿಯಿಂದ ನನ್ನನ್ನು ಎಬ್ಬಿಸಿದಳು. ಬಟ್ಟೆಯಲ್ಲಿ ಕೆಂಪು ಛಾಯೆ. ಆ ಪಾಯಸ ತಿಂದರೆ ಉಚ್ಚೆಗೆ ಆ ಬಣ್ಣ ಬರುವುದು ನಮಗೆಲ್ಲ ಗೊತ್ತು, ಹೆಂಡತಿಗೆ ಗೊತ್ತಿರಲಿಲ್ಲ. ಅಮ್ಮ ಎದ್ದು ಬಂದು ಸಮಾಧಾನ ಮಾಡಿದರು. ಹೊರಗಿನಿಂದ ಮದುವೆಯಾಗಿ ಬಂದವರಿಗೆ ಇದನ್ನು ಮೊದಲೇ ಹೇಳಿಡಿ.

ಅಮ್ಮನಿಂದ ಇನ್ನೂ ಒಂದು ಲಾಭವಾಯಿತು. ಹಾಲು ಕುಡಿದು ಸ್ವಲ್ಪ ಹೊತ್ತಿಗೆ, ನಿದ್ದೆಯಿಂದ ಎದ್ದ ತಕ್ಷಣ, ಅವರು ಮಗನನ್ನು ಕಾಲ ಮೇಲೆ ಕೂರಿಸಿ "ಸ್ಸ್ಸ್" ಅನ್ನುತ್ತಿದ್ದರು. ಆರು ತಿಂಗಳ ಹೊತ್ತಿಗೆ ದಿನಕ್ಕೆ ಹನ್ನೆರಡು ಬಟ್ಟೆ ಬೇಕಾದಲ್ಲಿ ಏಳೆಂಟು ಸಾಕಾಯಿತು. ಒಗೆಯುವುದು ಕಡಿಮೆಯಾದರೆ ಒಣಗಿಸುವುದೂ ಕಡಿಮೆ ಅಲ್ವಾ? ಎರಡನೇ ಮಳೆಗಾಲ ಮುಗಿಯುವಾಗ ಹಗಲಿಗೆ ಡೈಪರೇ ಬೇಡವಾಯಿತು. ಮಳೆಗಾಲದಲ್ಲಿ ಇದು ಸಾಧ್ಯವಿಲ್ಲ ಅಂದಿದ್ದ ಅಮ್ಮ ಈಗ ಮದುವೆಮನೆಗಳಲ್ಲಿ ನನ್ನ ತಗಡಿನ ಟೋಪಿಯ ಬಗ್ಗೆ ಹೇಳುತ್ತಾರೆ. ನನಗೆ ಅದು ಹೆಮ್ಮೆ.

ಒಟ್ಟು ಖರ್ಚು, ಕೈಬಿಟ್ಟ ಸೆಟ್, ಹೀಟರ್, ಹಾಳಾದ ಕವರ್ ಎಲ್ಲ ಸೇರಿ 11-12 ಸಾವಿರದ ಒಳಗೆ. ಸೌದೆ ತೋಟದ್ದೇ. ದೂರ ಪ್ರಯಾಣಕ್ಕೆ ಅಂಗಡಿ ಡೈಪರ್ ಈಗಲೂ ತರುತ್ತೇವೆ, ವರ್ಷಕ್ಕೆ ಒಂದೆರಡು ಪ್ಯಾಕ್.

ಈಗ ಬಟ್ಟೆಗಳೆಲ್ಲ ಸೋಮವಾರಪೇಟೆಯಲ್ಲಿರುವ ತಂಗಿಯ ಮನೆಯಲ್ಲಿವೆ. ಅವಳದು ಹೊಸ ಮನೆ, ಗ್ಯಾಸ್ ಗೀಸರ್, ಹಂಡೆ ಇಲ್ಲ. ಹೊರ ಜಗಲಿಯಲ್ಲಿ ಅಗ್ಗಿಷ್ಟಿಕೆ ಇಟ್ಟು, ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹಾಸುತ್ತಿದ್ದಾಳೆ. ಒಣಗುತ್ತದೆ, ಆದರೆ ಒಂದು ಸಲಕ್ಕೆ ಮೂರು ನಾಲ್ಕೇ. ಪಕ್ಕದಲ್ಲಿ ಯಾರಾದರೂ ಕೂತಿರಲೇಬೇಕು. ಬರುವ ಜೂನ್ ಒಳಗೆ ಅವಳಿಗೊಂದು ತಗಡಿನ ಗೂಡು ಮಾಡಿಸಿ ಕೊಡಬೇಕೆಂದಿದ್ದೇನೆ. ಅಳತೆ ತೆಗೆದುಕೊಂಡು ಬಂದಾಗಿದೆ.