ಹಳೇ ಹಂಚಿನ ಮನೆ ಸುತ್ತ ಊರಿನದೇ ಗಿಡ

ಮಲೆನಾಡಿನ ಹಳೇ ಮನೆ ರಿಪೇರಿ ಮುಗಿದ ಕೂಡಲೇ ಎಲ್ಲರೂ ನರ್ಸರಿಗೆ ಓಡುತ್ತಾರೆ. ನಾನೂ ಓಡಿದ್ದೆ. ಲಾನ್ ಹುಲ್ಲು, ಸಾಲು ಕ್ರೋಟನ್, ಗೋಡೆಗೆ ಒತ್ತಿಕೊಂಡೇ ಹೂವಿನ ಮಡಿ. ಒಂದೇ ಮಳೆಗಾಲಕ್ಕೆ ಹುಲ್ಲು ಕೊಳೆಯಿತು, ಗೋಡೆಗೆ ಥಂಡಿ ಏರಿತು. ಅದಕ್ಕೇ ಹೇಳುವುದು, ಮೊದಲ ಮಳೆಗಾಲ ಏನೂ ನೆಡಬೇಡಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ತಾನಾಗಿ ಏನು ಹುಟ್ಟುತ್ತದೆ ಅಂತ ಸುಮ್ನೆ ನೋಡಿ.

ಮಣ್ಣಿನ ಗೋಡೆ, ಜಂಬಿಟ್ಟಿಗೆ ಎರಡೂ ನೀರು ಹೀರುತ್ತವೆ. ಹಾಗಾಗಿ ಗೋಡೆಯಿಂದ 3 ಅಡಿ ಪೂರ್ತಿ ಖಾಲಿ ಬಿಡಿ. ಸೂರಿನ ನೀರು ಬೀಳುವ ಗೆರೆಗೆ ಕಲ್ಲು ಹಾಸಿ, ನೀರು ಮನೆಯಿಂದ ಆಚೆ ಹರಿಯುವ ಹಾಗೆ ಇಳಿಜಾರು ಕೊಡಿ. ಬಿರುಕಿನಲ್ಲಿ ಅರಳಿಯೋ ಅತ್ತಿಯೋ ಮೊಳೆತರೆ ಎರಡೆಲೆ ಇರುವಾಗಲೇ ಕೀಳಬೇಕು. ಅರಳಿ ಕೀಳಲು ಮನಸ್ಸು ಬರದಿದ್ದರೆ ಬೇರು ಸಮೇತ ತೆಗೆದು ಕೆರೆ ದಂಡೆಗೆ ನೆಡಿ, ಪಾಪವೂ ಇಲ್ಲ, ಗೋಡೆಯೂ ಉಳಿಯಿತು.

ನೆಡುವುದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ. ಹತ್ತಿರಕ್ಕೆ ಪೊದೆಗಳು: ಕೇಪಳ, ಕೌಳಿ, ನೀರು ಜಿನುಗುವ ಕಡೆ ನೆಕ್ಕರಿಕೆ. ನೆಕ್ಕರಿಕೆಯನ್ನು ಕಳೆ ಅಂತ ಕಡಿದು ಬಿಸಾಡುತ್ತೇವೆ, ಆದರೆ ಅಷ್ಟು ಚಂದದ ನೇರಳೆ ಹೂವು ನರ್ಸರಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ, ಹಣ್ಣು ತಿಂದ ಮಕ್ಕಳ ನಾಲಿಗೆ ಕಪ್ಪಾಗುವುದು ಬೇರೆ! ಸುರಗಿ, ರಂಜಲು, ಮುರುಗಲಿನಂಥ (ಕೋಕಂ) ಮರಗಳು 25 ಅಡಿ ಆಚೆಗಿರಲಿ. ಮುರುಗಲಿನಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ, ಬೀಜದ ಗಿಡ ಗಂಡಾದರೆ ವರ್ಷಗಟ್ಟಲೆ ಕಾದರೂ ಹಣ್ಣಿಲ್ಲ. ಹೆಣ್ಣು ಮರದ ಕಸಿ ಗಿಡವೇ ತನ್ನಿ. ಮನೆ ಹಿಂದೆ ಗುಡ್ಡ ಕಡಿದ ಧರೆಗೆ ಲಾವಂಚ, ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಗೌರಿ ಹೂವಿನ ಬಳ್ಳಿ, ಅದೇ ಅಗ್ನಿಶಿಖೆ, ಬೇಲಿಗೆ ಹಬ್ಬಿದರೆ ಚಂದ. ಆದರೆ ಇಡೀ ಗಿಡವೇ ವಿಷ, ಗೆಡ್ಡೆಯಂತೂ ಇನ್ನೂ ಹೆಚ್ಚು, ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಬೇಡ.

ಹೊರದೇಶದಿಂದ ಬಂದು ಹಬ್ಬುವ ಲಂಟಾನ, ಯುಪಟೋರಿಯಂ ಕಳೆ ಇದ್ದರೆ ಮಣ್ಣು ಮೆತ್ತಗಿರುವಾಗ, ಹೂವಿಗೆ ಮೊದಲೇ ಕಿತ್ತುಬಿಡಿ. ಅಜ್ಜಿ ನೆಟ್ಟ ದಾಸವಾಳ ಇದೆಯಾ? ಊರಿನ ಗಿಡ ಅಲ್ಲದಿದ್ದರೂ ಇರಲಿ ಬಿಡಿ, ಅಷ್ಟು ಮಡಿ ಬೇಡ.

ದರಕು, ಅಂದರೆ ಉದುರಿದ ಒಣ ಎಲೆ, ಸುಡಬೇಡಿ, ಗಿಡದ ಬುಡಕ್ಕೆ ಹಾಕಿ. ಗೋಡೆ ಹತ್ತಿರ ರಾಶಿ ಮಾಡಿದರೆ ಒರಲೆ (ಗೆದ್ದಲು) ಬಾಗಿಲುವಾಡಕ್ಕೇ ಬರುತ್ತದೆ.

"ಕಾಡು ಬೆಳೆಸಿದ್ದೀರಲ್ಲ, ಹಾವು ಬರಲ್ವಾ?" ಅಂತ ಬಂದವರೆಲ್ಲ ಕೇಳುತ್ತಾರೆ. ಬರುತ್ತದೆ. ಅದಕ್ಕೇ ಅಂಗಳ ಮಾತ್ರ ಬೋಳಾಗೇ ಇರಲಿ. ಅಡಿಕೆ ಒಣಗಿಸಲೂ ಬೇಕು, ಹಾವು ಬಂದರೆ ಕಾಣಲೂ ಬೇಕು.